ಬೀಡಿ ಬಿಡಿಸುವ ಕುರ್ಚಿಯ ಪಕ್ಕ ನಿಂತು

ನಮ್ಮ ಕೋಣೆಯಲ್ಲಿ ವಾರಕ್ಕೊಂದಾದರೂ ತಮಾಷೆ ನಡೆಯದೆ ಹೋದರೆ ಯಂತ್ರ ಏನಾದರೂ ಕೆಟ್ಟಿದೆಯೇ ಎಂದು ನನಗೇ ಅನುಮಾನ ಬರುತ್ತದೆ.

ನಾನು ಹಾಸನದ ಆಸ್ಪತ್ರೆಯೊಂದರಲ್ಲಿ ಟೆಕ್ನಿಷಿಯನ್. ಕೆಲಸ ಏನು ಎಂದು ನೆಂಟರು ಕೇಳುತ್ತಾರೆ, ಹೇಳಿದ ಮೇಲೆ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾರೆ. ಬೀಡಿ, ಸಿಗರೇಟು, ನಸ್ಯ, ಹೊಗೆಸೊಪ್ಪು ಬಿಡಲಾಗದವರನ್ನು ಕುರ್ಚಿಯಲ್ಲಿ ಕೂರಿಸಿ ತಲೆಗೆ ಅಯಸ್ಕಾಂತ ಹಿಡಿಯುವುದು ನನ್ನ ಕೆಲಸ. ಶಾಕ್ ಕೊಡುವುದಲ್ಲ, ಮೊದಲೇ ಹೇಳಿಬಿಡುತ್ತೇನೆ. ಎರಡು ಬಳೆ ಅಂಟಿಸಿದ ಹಾಗಿರುವ ಒಂದು ಸುರುಳಿ ಇದೆ. ಅದನ್ನು ತಲೆಯ ಮೇಲೆ ಸರಿಯಾದ ಜಾಗದಲ್ಲಿ ಹಿಡಿದರೆ ಟಕ್ ಟಕ್ ಎನ್ನುತ್ತದೆ, ಅದರ ಮಿಡಿತ ಬುರುಡೆ ದಾಟಿ ಮೆದುಳನ್ನು ಮುಟ್ಟುತ್ತದೆ. ಬೀಡಿ ಕಂಡ ಕೂಡಲೇ ತಲೆಯೊಳಗೆ ‘ಆಹಾ’ ಎಂದು ಓಡುವ ಒಂದು ಖುಷಿಯ ದಾರಿ ಇರುತ್ತದಲ್ಲ, ಅದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಈ ಟಕ್ ಟಕ್‌ನಿಂದ ಆ ಓಟ ಸ್ವಲ್ಪ ನಿಧಾನವಾಗುತ್ತದೆಯೇ ಎಂದು ನೋಡುವುದು ನಮ್ಮ ಅಧ್ಯಯನ.

ಯಂತ್ರ ನಮ್ಮದಲ್ಲ. ಬೆಂಗಳೂರಿನಿಂದ ಎರವಲು ಬಂದದ್ದು. ಅಧ್ಯಯನದ ಮುಖ್ಯಸ್ಥೆಯಾದ ದೊಡ್ಡ ಡಾಕ್ಟರ್ ಮೇಡಂ ಶುರುವಿನಲ್ಲೇ ಹೇಳಿದ್ದರು: ಮೊದಲ ಗುಂಪಿನಲ್ಲಿ ಹನ್ನೆರಡು ಜನ, ಒಬ್ಬೊಬ್ಬರೂ ಹತ್ತು ದಿನ ಬಿಡದೆ ಬರಬೇಕು, ಒಬ್ಬರು ಕೈಕೊಟ್ಟರೂ ಯಂತ್ರ ಬೇರೆ ಊರಿಗೆ ಹೋಗುತ್ತದೆ. "ಹಳ್ಳಿ ಜನ ಹತ್ತು ದಿನ ಬಸ್ ಹತ್ತಿ ಬರ್ತಾರೆ ಅಂತ ನಂಗೆ ನಂಬಿಕೆ ಇಲ್ಲ" ಎಂದು ಫೋನಿನಲ್ಲಿ ಅಂದರು.

ನನಗೆ ರೇಗಿತು. "ನಮ್ಮೋರು ಬರ್ತೀನಿ ಅಂದ್ರೆ ಬರ್ತಾರೆ ಮೇಡಂ" ಎಂದುಬಿಟ್ಟೆ. ಫೋನ್ ಇಟ್ಟ ಮೇಲೆ ನೆನಪಾಯಿತು, ಆ ಹನ್ನೆರಡರಲ್ಲಿ ಒಬ್ಬರ ಮುಖವನ್ನೂ ನಾನಿನ್ನೂ ನೋಡಿರಲಿಲ್ಲ.

ಹೆಬ್ಬೆಟ್ಟು

ಮೊದಲು ಬಂದವರು ಚನ್ನರಾಯಪಟ್ಟಣದ ಕಡೆ ದಂಡಿಗನಹಳ್ಳಿಯ ಒಬ್ಬ ಅಜ್ಜಿ. ಎಲೆಅಡಿಕೆ ಜೊತೆ ಹೊಗೆಸೊಪ್ಪು ಅಗಿದು ಅಗಿದು ಬಾಯೆಲ್ಲ ಹುಣ್ಣು. ಬಿಡಬೇಕು ಎಂದು ತಾವೇ ಹಟ ಹಿಡಿದು ಬಂದಿದ್ದರು. ಜೊತೆಗೆ ಬಂದ ಮಗ ಪ್ರೈಮರಿ ಸ್ಕೂಲು ಮೇಷ್ಟ್ರು, ಹೊರಗೆ ಬೆಂಚಿನ ಮೇಲೆ ಪೇಪರ್ ಓದುತ್ತಾ ಕೂತಿದ್ದರು.

ಮೊದಲ ದಿನ ನಾವು ಒಂದು ಅಳತೆ ತೆಗೆಯುತ್ತೇವೆ. ಯಾರ ತಲೆಗೆ ಎಷ್ಟು ಬಲದ ಮಿಡಿತ ಸಾಕು ಎಂದು ಗೊತ್ತಾಗಬೇಕಲ್ಲ. ಅದಕ್ಕೆ ಮೆದುಳಿನಲ್ಲಿ ಕೈಯನ್ನು ಆಡಿಸುವ ಜಾಗದ ಮೇಲೆ ಸುರುಳಿ ಹಿಡಿಯುತ್ತೇವೆ. ಬಲ ಸರಿಯಾಗಿದ್ದರೆ ಕೂತವರ ಹೆಬ್ಬೆಟ್ಟು ತಾನಾಗಿಯೇ ಒಂದು ಸಲ ಕುಣಿಯುತ್ತದೆ.

ಅಜ್ಜಿ ತೊಡೆಯ ಮೇಲೆ ಕೈ ಇಟ್ಟು ಕೂತರು. ಟಕ್ ಎಂದಿತು, ಹೆಬ್ಬೆಟ್ಟು ಕುಣಿಯಿತು. ಅಜ್ಜಿ ಹೆಬ್ಬೆಟ್ಟನ್ನು ನೋಡಿದರು, ನನ್ನನ್ನು ನೋಡಿದರು. ಇನ್ನೊಂದು ಸಲ ಟಕ್, ಇನ್ನೊಂದು ಸಲ ಕುಣಿತ. ಅಜ್ಜಿ ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಎಳೆದುಕೊಂಡು, ಮುಷ್ಟಿಗೆ ಸೆರಗು ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡರು.

"ನೋವಾಯ್ತಾ ಅಜ್ಜಿ?"

"ನೋವೇನಿಲ್ಲ ಕಣವ್ವ. ನನ್ ಎಬ್ಬೆಟ್ನ ಯಾವ ಪತ್ರಕ್ಕೆ ಒತ್ತುಸ್ಕತಾ ಇದ್ದೀಯ, ಅದ್ನ ಮೊದ್ಲು ಏಳು."

ಪತ್ರ ಯಾವುದೂ ಇಲ್ಲ ಎಂದೆ. ಅಜ್ಜಿ ನಂಬಲಿಲ್ಲ. "ಎರಡು ವರ್ಸದಿಂದ ನನ್ ಮಗ ಕೆರೆ ಕೆಳಗ್ಲ ಗದ್ದೆಗೆ ಎಬ್ಬೆಟ್ ಆಕು ಎಬ್ಬೆಟ್ ಆಕು ಅಂತಾವ್ನೆ. ನಾ ಆಕ್ನಿಲ್ಲ. ಈಗ ತಲೆ ಮ್ಯಾಲೆ ಮಿಸನ್ ಮಡಗಿ ಒತ್ತುಸ್ತಾವ್ನೆ, ಅಲ್ವಾ?"

ಕುರ್ಚಿಯ ಕೆಳಗೆ, ಮೇಜಿನ ಡ್ರಾಯರಿನಲ್ಲಿ, ನನ್ನ ಕೋಟಿನ ಜೇಬಿನಲ್ಲಿ ಎಲ್ಲಾ ಕಡೆ ಹುಡುಕಿಸಿದರು. ಏನೂ ಸಿಗದಿದ್ದುದೇ ಅವರಿಗೆ ಹೆಚ್ಚಿನ ಅನುಮಾನಕ್ಕೆ ಕಾರಣವಾಯಿತು. ಕೊನೆಗೆ ಒಂದು ಷರತ್ತಿಗೆ ಬಂದರು. ಈ ಕೋಣೆಯೊಳಗೆ ತನ್ನ ಹೆಬ್ಬೆಟ್ಟು ಎಷ್ಟು ಸಲ ಆಡಿದರೂ ಅದು ಯಾವ ಗದ್ದೆಗೂ ಅನ್ವಯಿಸುವುದಿಲ್ಲ ಎಂದು ಬರೆದುಕೊಡಬೇಕು. ನಾನು ಬರೆದೆ, ಓದಿ ಹೇಳಿದೆ. ಮೇಷ್ಟ್ರನ್ನು ಒಳಗೆ ಕರೆಸಿದರು. ಅವರು ಸಹಿ ಹಾಕಲು ಜೇಬಿನಿಂದ ಪೆನ್ನು ತೆಗೆದರು.

"ಸಯಿ ಬ್ಯಾಡ" ಎಂದರು ಅಜ್ಜಿ. "ಎಬ್ಬೆಟ್ ಒತ್ತು."

ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಅಕ್ಷರ ತಿದ್ದಿಸಿದ ಮೇಷ್ಟ್ರು, ಇಂಕ್ ಪ್ಯಾಡ್ ಎಲ್ಲಿದೆ ಮೇಡಂ ಎಂದು ನನ್ನನ್ನು ಕೇಳಿದರು.

ರಾಹುಕಾಲ

ಹೊಳೆನರಸೀಪುರದ ಅರ್ಚಕರೊಬ್ಬರು ನನಗೆ ಐದು ಸಲ ಫೋನ್ ಮಾಡಿದ್ದರು. ಅವರದ್ದು ನಸ್ಯ. ಮೂವತ್ತು ವರ್ಷದ ಅಭ್ಯಾಸ, ಮನೆಯವರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲವಂತೆ. "ನಾನು ಬರೋದು ಯಾರ ಕಿವಿಗೂ ಬೀಳಬಾರದಮ್ಮ, ನಾಕು ಜನ ಕಾಲಿಗೆ ಬೀಳೋ ಮನುಷ್ಯ ನಾನು" ಎಂದು ಐದು ಸಲವೂ ಹೇಳಿದರು. ಬಂದವರ ಹೆಸರು ನನ್ನ ಬಾಯಿಂದ ಹೊರಗೆ ಬರುವುದಿಲ್ಲ ಎಂದು ನಾನೂ ಐದು ಸಲ ಹೇಳಿದೆ.

ತಲೆಗೆ ಮಫ್ಲರ್, ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಹೊರಗಿನ ಬೆಂಚಿನ ಮೇಲೆ ಮೂರು ಜನ ಕೂತಿದ್ದರು. ಮೂವರೂ ಹೊಳೆನರಸೀಪುರದವರೇ ಎಂಬುದು ನನಗೆ ಹೊಳೆದದ್ದು ಅವರು ಎದ್ದು ನಿಂತು ಕೈಮುಗಿದ ಮೇಲೆ. ಒಬ್ಬರು ಕಾಲಿಗೂ ಬಿದ್ದರು. ಅರ್ಚಕರು ಮಫ್ಲರ್ ಬಿಚ್ಚಿ, ಕನ್ನಡಕ ತೆಗೆದು ಅವರ ಪಕ್ಕ ಕೂತರು. ನೀವ್ಯಾಕೆ ಬಂದಿರಿ ಎಂದು ಅವರು ಇವರನ್ನಾಗಲಿ ಇವರು ಅವರನ್ನಾಗಲಿ ಕೇಳಲಿಲ್ಲ. ಆ ಮರ್ಯಾದೆ ನಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು.

ಕೇಳಿದ್ದು ಬೇರೆ. "ಸ್ವಾಮಿ, ಮಿಷನ್‌ಗೆ ಕೂರೋಕೆ ಈಗ ಗಳಿಗೆ ಸರಿಯಾಗೈತಾ?" ಎಂದರು ಒಬ್ಬರು. ಅರ್ಚಕರು ಬೆರಳು ಮಡಚಿ, "ಶುಕ್ರವಾರ ಅಲ್ವೇ, ಹತ್ತೂವರೆಯಿಂದ ಹನ್ನೆರಡರವರೆಗೆ ಬೇಡಪ್ಪ" ಎಂದರು. ಮುಗಿಯಿತು. ಹನ್ನೆರಡರ ತನಕ ನನ್ನ ಕುರ್ಚಿ ಖಾಲಿ. ಮರುದಿನ ಒಂಬತ್ತರಿಂದ ಹತ್ತೂವರೆಯ ತನಕ ಖಾಲಿ. ಸೋಮವಾರ ಏಳೂವರೆಗೇ ಬರಬೇಕಿದ್ದವರು ಒಂಬತ್ತರ ತನಕ ಹೊರಗೆ ಕಾಫಿ ಕುಡಿಯುತ್ತಾ ನಿಂತರು. ಒಬ್ಬರೂ ತಪ್ಪಿಸಿಕೊಳ್ಳಲಿಲ್ಲ, ಅದನ್ನು ಹೆಮ್ಮೆಯಿಂದ ಹೇಳುತ್ತೇನೆ. ಹೊತ್ತು ಮಾತ್ರ ಅವರದ್ದು.

ಯಂತ್ರ ಎಷ್ಟು ಹೊತ್ತಿಗೆ ಓಡಿತು, ಎಷ್ಟು ಹೊತ್ತಿಗೆ ನಿಂತಿತು ಎಂಬುದೆಲ್ಲ ಬೆಂಗಳೂರಿಗೆ ತಾನಾಗಿಯೇ ಹೋಗುತ್ತದೆ. ವಾರದ ಕೊನೆಗೆ ಮೇಡಂ ಗಾಬರಿಯಾಗಿ ಬರೆದರು: ಯಂತ್ರ ದಿನವೂ ಸರಿಯಾಗಿ ಒಂದೂವರೆ ಗಂಟೆ ನಿಲ್ಲುತ್ತಿದೆ, ಒಂದೊಂದು ದಿನ ಒಂದೊಂದು ಹೊತ್ತಿಗೆ. ಸುರುಳಿ ಬಿಸಿಯೇರಿ ನಿಲ್ಲುತ್ತಿದೆಯೇ? ನಾನು ಉತ್ತರ ಬರೆಯುವಷ್ಟರಲ್ಲಿ ರಿಪೇರಿ ಎಂಜಿನಿಯರನ್ನು ಕಳಿಸಿಯೇಬಿಟ್ಟರು.

ಆತ ಯಂತ್ರದ ಹಿಂಬದಿ ಬಿಚ್ಚಿದ, ಸುರುಳಿ ಮುಟ್ಟಿ ನೋಡಿದ, ನಿಂತ ಹೊತ್ತಿನ ಪಟ್ಟಿ ತೆಗೆದು ಓದಿದ. ಮಂಗಳವಾರ ಮೂರರಿಂದ ನಾಲ್ಕೂವರೆ, ಬುಧವಾರ ಹನ್ನೆರಡರಿಂದ ಒಂದೂವರೆ. ಓದುತ್ತಾ ಓದುತ್ತಾ ಮುಖದಲ್ಲಿ ನಗು ಬಂತು. "ನಮ್ಮ ಮನೇಲೂ ಇದೇ ಟೈಮ್‌ಟೇಬಲ್ಲು ಮೇಡಂ, ನಮ್ಮತ್ತೆ ಹಾಕಿರೋದು" ಎಂದು ಸ್ಕ್ರೂ ತಿರುಗಿಸಿ ಮುಚ್ಚಿದ. ವರದಿಯಲ್ಲಿ ಹೀಗೆ ಬರೆದಿದ್ದ: "ಯಂತ್ರದಲ್ಲಿ ದೋಷವಿಲ್ಲ. ದೋಷ ಗ್ರಹಗಳದ್ದು."

ಹಸು

ಈ ಪ್ರಸಂಗ ನಡೆದಾಗ ಮೇಡಂ ಎರಡು ದಿನ ನಿದ್ದೆಗೆಟ್ಟರು.

ಟಕ್ ಟಕ್ ಮುಗಿದ ಮೇಲೆ ಕೂತವರ ತಲೆಗೆ ವೈರುಗಳ ಟೋಪಿ ಹಾಕಿ ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತೇವೆ. ಬೀಡಿ ಕಟ್ಟು, ಉರಿಯುವ ಸಿಗರೇಟು, ಇಂಥವು. ನಡುನಡುವೆ ಯಾರಿಗೂ ಏನೂ ಅನ್ನಿಸದ ಸಪ್ಪೆ ಚಿತ್ರಗಳು: ಕೊಡೆ, ಕುರ್ಚಿ, ಬಕೆಟ್ಟು, ಒಂದು ಹಸು. ಬೀಡಿಗೆ ನನ್ನ ಕಂಪ್ಯೂಟರಿನ ಮೇಲೆ ಮೆದುಳಿನ ಗೆರೆ ಎಷ್ಟು ಏರುತ್ತದೆ, ಸಪ್ಪೆ ಚಿತ್ರಕ್ಕೆ ಎಷ್ಟು ಎಂದು ಹೋಲಿಸುವುದು. ಸಪ್ಪೆ ಚಿತ್ರಗಳನ್ನು ಆರಿಸಿದ್ದು ಬೆಂಗಳೂರಿನವರು. ಹಸು ಸಪ್ಪೆ ಎಂದು ಅವರಿಗೆ ಅನ್ನಿಸಿತ್ತು.

ಶಾಂತಿಗ್ರಾಮದಿಂದ ಒಬ್ಬರು ಬರುತ್ತಿದ್ದರು, ಡೇರಿಗೆ ಹಾಲು ಹಾಕುವವರು. ದಿನಕ್ಕೆ ಎರಡು ಕಟ್ಟು ಬೀಡಿ. ಅವರನ್ನು ಕೂರಿಸಿದೆ. ಬೀಡಿ ಬಂತು, ಗೆರೆ ಒಂದಿಷ್ಟು ಎದ್ದಿತು. ಕೊಡೆ ಬಂತು, ಮಲಗಿತು. ಹಸು ಬಂತು, ಗೆರೆ ಕಂಪ್ಯೂಟರಿನ ಮೇಲಂಚಿಗೆ ಹೋಗಿ ಹೊಡೆಯಿತು.

"ವೈರ್ ಸಡಿಲ ಆಗಿದೆ" ಎಂದರು ಮೇಡಂ ಫೋನಿನಲ್ಲಿ. ಬಿಗಿ ಮಾಡಿದೆ. ಮರುದಿನವೂ ಅದೇ. "ಟೋಪಿ ಬದಲಿಸಿ" ಎಂದರು. ಬದಲಿಸಿದೆ. ಮೂರನೆಯ ದಿನ ಗೆರೆ ಇನ್ನೂ ಒಂದಿಷ್ಟು ಹೆಚ್ಚೇ ಹೋಯಿತು. ಮೂವತ್ತು ವರ್ಷದ ಬೀಡಿ ಚಟದವರಿಗೆ ಬೀಡಿಗಿಂತ ಹಸುವೇ ಹೆಚ್ಚು ಎಂದು ಯಾವ ಪುಸ್ತಕದಲ್ಲೂ ಇಲ್ಲ ಎಂದು ಮೇಡಂ ಕೊರಗಿದರು. ನಾನು ಕೊನೆಗೆ ಹಾಲಿನವರನ್ನೇ ಕೇಳಿದೆ.

"ಹಸು ಕಂಡಾಗ ಏನನ್ನಿಸ್ತದೆ ಅಣ್ಣ?"

"ಕೆಚ್ಚಲು ನೋಡುದ್ರಾ ಮೇಡಮ್ಮೋರೆ?" ಎಂದು ಕುರ್ಚಿಯಲ್ಲೇ ಮುಂದಕ್ಕೆ ಬಾಗಿದರು. "ಎಲ್ಡನೇ ಸೂಲು ಇರ್ಬೇಕು. ಒತ್ತಿಗೆ ಅತ್ತು ಲೀಟ್ರಿಗೆ ಮೋಸಿಲ್ಲ. ಯಾರ್ದದು, ಕೊಡ್ತಾರಾ?"

"ಮತ್ತೆ ಬೀಡಿ ಕಂಡಾಗ?"

"ಬೀಡಿ ಬುಡಿ, ಎಲ್ಲೋದ್ರೂ ಸಿಕ್ತದೆ."

ಮೇಡಂಗೆ ಹೇಳಿದೆ. ಫೋನಿನಲ್ಲಿ ಜೋರಾಗಿ ನಕ್ಕರು. ನಮ್ಮ ಜಿಲ್ಲೆಗೆ ಹಸು ಸಪ್ಪೆ ಚಿತ್ರವಲ್ಲ ಎಂದು ಬರೆದುಕೊಂಡು, ಅದನ್ನು ತೆಗೆದು ಆ ಜಾಗಕ್ಕೆ ಒಂದು ಇಟ್ಟಿಗೆ ಹಾಕಿದರು. ಮಾರನೆಯ ದಿನ ಚಿತ್ರಗಳೆಲ್ಲ ಮುಗಿದವು, ಟೋಪಿ ತೆಗೆದೆ, ತಲೆಗೆ ಹತ್ತಿದ ಅಂಟು ಒರೆಸಿದೆ. ಹಾಲಿನವರು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಖಾಲಿ ಪರದೆಯನ್ನೇ ನೋಡುತ್ತಾ ಕೂತಿದ್ದರು.

"ಅಸ ಮಾರ್ಬುಟ್ರಾ?" ಎಂದರು.

ಕೆಂಪು ದೀಪ

ಹನ್ನೊಂದು ಜನ ಮುಗಿಸಿದ್ದರು. ಹನ್ನೊಂದು ಜನವೂ ಹತ್ತು ಹತ್ತು ದಿನ. ಮೇಡಂ ಮೊದಲಿನ ಹಾಗೆ ಮಾತಾಡುವುದನ್ನು ಬಿಟ್ಟಿದ್ದರು, ನಾನು ಕಾರಿಡಾರಿನಲ್ಲಿ ಸ್ವಲ್ಪ ಎದೆಯುಬ್ಬಿಸಿಯೇ ಓಡಾಡುತ್ತಿದ್ದೆ. ಉಳಿದವರು ಒಬ್ಬರೇ. ಅರಕಲಗೂಡು ತಾಲ್ಲೂಕಿನವರು, ರಾಮನಾಥಪುರದ ಹತ್ತಿರದ ಹಳ್ಳಿ, ಹೊಗೆಸೊಪ್ಪು ಬೆಳೆಗಾರರು. ಹೊಗೆಸೊಪ್ಪು ಬೆಳೆಯುವವರು ಬೀಡಿ ಬಿಡಲು ಬಂದಿರಲ್ಲ ಎಂದರೆ, "ಬೆಳೆಯೋದು ಬ್ಯಾರೆ, ಸೇದೋದು ಬ್ಯಾರೆ ಮೇಡಂ, ಉಪ್ಪಿನ್ ಯಾಪಾರ ಮಾಡೋನು ದಿನಾ ಉಪ್ಪು ತಿಂತಾನಾ?" ಎಂದರು.

ಅವರೊಂದಿಗೆ ದಿನವೂ ಹೆಂಡತಿ ಬರುತ್ತಿದ್ದರು. ಎರಡು ಬಸ್ಸು ಬದಲಿಸಿ, ಕೈಯಲ್ಲಿ ಬುತ್ತಿ ಹಿಡಿದು. ಕಾವಲಿಗೆ. ಗಂಡನ ಕೆಮ್ಮು ಕೇಳಿ ಕೇಳಿ ಸಾಕಾಗಿ, ಬೀಡಿ ಬಿಟ್ಟ ದಿನ ಒಳಗೆ ಬಾ ಎಂದು ಆಕೆ ಅವರ ಹಾಸಿಗೆಯನ್ನು ಜಗುಲಿಗೆ ಹಾಕಿದ್ದರಂತೆ. ಇದು ಕಡೆಯ ಸಲ, ಈ ಸಲವೂ ಮಾತು ತಪ್ಪಿದರೆ ಇನ್ನು ಜನ್ಮದಲ್ಲಿ ನಿನ್ನ ಮಾತು ನಂಬುವುದಿಲ್ಲ ಎಂದೂ ಹೇಳಿದ್ದರು. ಆ ಯಜಮಾನರಿಗೆ ನಮ್ಮ ಯಂತ್ರಕ್ಕಿಂತ ಇದೇ ದೊಡ್ಡ ವಿಷಯವಾಗಿತ್ತು.

ಕುರ್ಚಿಗೆ ಕೂರುವ ಮೊದಲು ಬೀಡಿ ಸಿಗರೇಟಿನವರೆಲ್ಲ ಒಂದು ಸಣ್ಣ ಮೀಟರಿಗೆ ಊದಬೇಕು. ಉಸಿರಿನಲ್ಲಿ ಹೊಗೆಯ ಅನಿಲ ಎಷ್ಟಿದೆ ಎಂದು ಅದು ಹೇಳುತ್ತದೆ. ಹಿಂದಿನ ಸಂಜೆಯಿಂದ ಏನೂ ಸೇದದಿದ್ದರೆ ಹಸಿರು ದೀಪ, ಸೇದಿದ್ದರೆ ಕೆಂಪು. ಕೆಂಪು ಬಂದವರು ಅಧ್ಯಯನದಿಂದ ಹೊರಗೆ. ಎಂಟು ದಿನ ಈ ಬೆಳೆಗಾರರಿಗೆ ಹಸಿರು ಬಂತು. ಒಂಬತ್ತನೆಯ ದಿನ ಕೆಂಪು.

ಇನ್ನೊಂದು ಸಲ ಊದಿಸಿದೆ. ಕೆಂಪು.

"ದ್ಯಾವ್ರಾಣೆ ಮೇಡಂ, ಮುಟ್ಟಿಲ್ಲ" ಎಂದರು ಅವರು.

ಹೆಂಡತಿ ಬುತ್ತಿ ಕೆಳಗಿಟ್ಟರು. "ಎಂಟು ದಿನ ಇವಯ್ಯನ ಇಂದೆ ಬಸ್ ಅತ್ತಿ ಬಂದಿವ್ನಿ. ನಂಬಿದ್ದೆ ಕಣವ್ವ" ಎಂದರು, ನನಗೆ. ಗಂಡನ ಕಡೆ ನೋಡಲೇ ಇಲ್ಲ. ಗಂಡ ತಮ್ಮ ಅಂಗೈಯನ್ನೇ ನೋಡುತ್ತಾ ಕೂತರು. ಹೇಳಲು ನಾಚಿಕೆಯಾಗುತ್ತದೆ, ಸೇದಿದ್ದಾರೆ ಎಂದು ನಾನೂ ಅಂದುಕೊಂಡೆ. ಮನುಷ್ಯರ ಮುಖಕ್ಕಿಂತ ದೀಪವನ್ನು ನಂಬಿದೆ.

ಮೀಟರನ್ನು ತೆಗೆದುಕೊಳ್ಳಲು ಬಗ್ಗಿದಾಗ ಅವರ ಹೆಗಲ ಟವಲಿನಿಂದ ಒಂದು ವಾಸನೆ ಬಂತು. ಸೌದೆ ಹೊಗೆ, ಅದರ ಜೊತೆಗೆ ಹಸಿ ಸೊಪ್ಪು ಬೇಯುವ ಸಿಹಿ ಘಾಟು. ನಮ್ಮಪ್ಪನ ಅಂಗಿಯ ವಾಸನೆ. ನಾನು ಹುಟ್ಟಿದ್ದು ಅಲ್ಲಿಂದ ಮೂರು ಹಳ್ಳಿ ಆಚೆ, ಸೌದೆ ಉರಿ ಹಾಕಿ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನ ಪಕ್ಕದ ಮನೆಯಲ್ಲಿ. ನನ್ನನ್ನು ಓದಿಸಿದ್ದು ಅದೇ ಸೊಪ್ಪು.

"ಬ್ಯಾರನ್ ಹಚ್ಚಿದ್ದೀರಾ?" ಎಂದು ಕೇಳಿದೆ.

"ನೆನ್ನೆ ಮಧ್ಯಾನದಿಂದ ಉರಿ ಆಕ್ತಾ ಇವ್ವಿ. ಅವ್ರೊಂದೊತ್ತು, ನಾನೊಂದೊತ್ತು. ಅಲ್ಲಿಂದ್ಲೇ ಬಸ್ ಅತ್ತುದ್ವಿ" ಎಂದರು ಆಕೆ.

ಆ ಅನಿಲ ಬೀಡಿಯಲ್ಲಿ ಮಾತ್ರ ಇರುವುದಲ್ಲ, ಸೌದೆಯ ಹೊಗೆಯಲ್ಲೂ ಇರುತ್ತದೆ. ನಾನು ಮೀಟರಿಗೆ ಹೊಸ ಕೊಳವೆ ಸಿಕ್ಕಿಸಿ ಆಕೆಯ ಮುಂದೆ ಹಿಡಿದೆ. "ಅಮ್ಮ, ನೀವೊಂದ್ಸಲ ಊದಿ."

"ನಾನ್ಯಾಕೆ ಊದ್ಲಿ? ನನ್ ಜಲ್ಮದಾಗೆ ಬೀಡಿ ಮುಟ್ಟಿಲ್ಲ" ಎಂದು ಗದರಿಕೊಂಡೇ ಊದಿದರು. ಕೆಂಪು ದೀಪ ಹತ್ತಿತು.

ಗಂಡ ಮೆಲ್ಲಗೆ ತಲೆಯೆತ್ತಿದರು. ದೀಪ ನೋಡಿದರು, ಹೆಂಡತಿಯನ್ನು ನೋಡಿದರು. "ಎಷ್ಟು ದಿವ್ಸದಿಂದ ನಡೀತಾ ಐತಮ್ಮಿ ಇದು?" ಎಂದರು.

ಆಕೆಗೆ ನಗು ತಡೆಯಲಾಗಲಿಲ್ಲ, ಅಳುವೂ ಬಂತು. ನನಗೂ ಅಷ್ಟೇ. ಮೇಡಂ ಮಾತ್ರ ಫೋನಿನಲ್ಲಿ ನಗಲಿಲ್ಲ. ನಿಯಮ ನಿಯಮವೇ, ಹೆಂಡತಿ ಊದಿದ್ದು ಪುರಾವೆಯಲ್ಲ, ಸೇದುವವರ ಪಕ್ಕ ಕೂತರೂ ಒಂದಿಷ್ಟು ಬರಬಹುದು ಎಂದರು. ನಾನು ಅಲ್ಲಿಯವರೆಗೆ ಅವರ ಮುಂದೆ ದನಿ ಏರಿಸಿದವಳಲ್ಲ. "ಇವರು ಸುಳ್ಳು ಹೇಳೋ ಜನ ಅಲ್ಲ ಮೇಡಂ. ನೀವೇ ಬಂದು ಬ್ಯಾರನ್ ಮುಂದೆ ಕೂತು ನೋಡಿ" ಎಂದೆ. "ಇವತ್ತಿನ ಮಿಡಿತ ಕೊಡಿ, ಲೆಕ್ಕಕ್ಕೆ ಹಿಡಿಯೋದಾ ಬಿಡೋದಾ ನಾಳೆ ಹೇಳ್ತೀನಿ" ಎಂದರು ಮೇಡಂ.

ಮರುದಿನ ಬೆಳಿಗ್ಗೆ ಮೇಡಂ ನಿಜವಾಗಿಯೂ ಬಂದರು. ಅವರ ಕಾರಿನಲ್ಲೇ ಇಬ್ಬರೂ ಹಳ್ಳಿಗೆ ಹೋದೆವು. ಗಂಡ ಹೆಂಡತಿ ಇಬ್ಬರೂ ಉರಿಯ ಮುಂದೆ ಇದ್ದರು. ಮೇಡಂ ಮೊದಲು ಎಲ್ಲರೆದುರಿಗೆ ಮೀಟರಿಗೆ ಊದಿದರು. ಹಸಿರು. "ನಾನು ಸಿಗರೇಟನ್ನ ಕೈಯಲ್ಲೂ ಹಿಡಿದವಳಲ್ಲ" ಎಂದರು. ಹೆಂಡತಿ ಬ್ಯಾರನ್ ಒಲೆಯ ಬಾಯಿಯ ಹತ್ತಿರ ಮಣೆ ಹಾಕಿಕೊಟ್ಟರು, ಹಸಿ ಜೋಳದ ತೆನೆ ತಂದುಕೊಟ್ಟರು.

ಹಳ್ಳಿಯಲ್ಲಿ ಬೆಳೆದವರಲ್ಲ ಮೇಡಂ. ಕೆಂಡದ ಮೇಲೆ ತೆನೆ ತಿರುಗಿಸುವುದು ಅವರಿಗೆ ಬಲು ಇಷ್ಟವಾಗಿಬಿಟ್ಟಿತು. ಸೌದೆ ಅರೆಹಸಿ, ಗಾಳಿ ಅವರ ಕಡೆಗೇ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಏಳಲಿಲ್ಲ, ತಾವೇ ಸೌದೆ ನೂಕಿದರು, ಬಗ್ಗಿ ಉರಿ ಊದಿದರು. ಮೂರು ಗಂಟೆಯಲ್ಲಿ ನಾಲ್ಕು ತೆನೆ ತಿಂದರು. ಸೊಪ್ಪು ಯಾವಾಗ ಹಳದಿಗೆ ತಿರುಗುತ್ತದೆ, ಉರಿ ಎಲ್ಲಿ ಹೆಚ್ಚಿಸಬೇಕು, ಎಲ್ಲಿ ಇಳಿಸಬೇಕು ಎಂದು ಯಜಮಾನರು ವಿವರಿಸುತ್ತಿದ್ದರೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನಮ್ಮ ಅಪ್ಪಂದಿರಿಗೆ ಗೊತ್ತಿದ್ದುದನ್ನು ದೊಡ್ಡ ಡಾಕ್ಟರೊಬ್ಬರು ಬರೆದುಕೊಳ್ಳುವುದನ್ನು ನಾನು ಅಂದೇ ಮೊದಲು ನೋಡಿದ್ದು.

ಹಾಸನಕ್ಕೆ ಹೊರಡುವ ಹೊತ್ತಾಯಿತು. ಯಜಮಾನರದ್ದು ಹತ್ತನೆಯ ದಿನ. ಮೇಡಂ ಎದ್ದು ಮುಖ ಒರೆಸಿಕೊಂಡು, ಹೊಸ ಕೊಳವೆ ಹಾಕಿ, ಉಸಿರು ಹಿಡಿದು ಊದಿದರು. ಕೆಂಪು. ಮೀಟರನ್ನು ಒಂದು ಸಲ ಕೊಡವಿ ಮತ್ತೆ ಊದಿದರು. ಮತ್ತೆ ಕೆಂಪು. ಆಮೇಲೆ ನೋಟ್‌ಬುಕ್ ತೆಗೆದು, ಊದಿಸುವ ಮೊದಲು ಬ್ಯಾರನ್ ಹಚ್ಚಿದ್ದೀರಾ ಎಂದು ಕೇಳತಕ್ಕದ್ದು ಎಂದು ಹೊಸ ನಿಯಮ ಬರೆದರು. "ನಿನ್ನೆಯದು ಲೆಕ್ಕಕ್ಕೆ ಹಿಡೀರಿ. ಇವತ್ತಿನದೂ ಆದರೆ ಹನ್ನೆರಡಕ್ಕೆ ಹನ್ನೆರಡು, ಯಂತ್ರ ನಿಮ್ಮಲ್ಲೇ ಇರ್ಲಿ" ಎಂದು ನನಗೆ ಹೇಳಿದರು. ಯಜಮಾನರಿಗೆ ಕೈಮುಗಿದು, "ತಪ್ಪಾಯ್ತು ಯಜಮಾನ್ರೆ, ನೀವು ಹೇಳಿದ್ದು ನಿಜ" ಎಂದರು.

ಅವರು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡರು. ಮೇಡಂ ಕೈಯಲ್ಲಿನ್ನೂ ಉರಿಯುತ್ತಿದ್ದ ಕೆಂಪು ದೀಪವನ್ನು ನೋಡಿ, ದನಿ ತಗ್ಗಿಸಿ, ಮನೆಯ ಹಿರಿಯರು ಸಮಾಧಾನ ಹೇಳುವ ಹಾಗೆ ಅಂದರು:

"ತಪ್ಪೇನಿಲ್ಲ ಬುಡಿ ಮೇಡಂ, ಯಾರಿಗೂ ಏಳಕ್ಕಿಲ್ಲ ನಾವು. ಇನ್ನೂ ಒಸಾ ಚಟ, ಬ್ಯಾಗ ಬುಟ್ಟೋಯ್ತದೆ. ನನ್ದು ಇವತ್ತಿಗೆ ಮುಗೀತದೆ, ಕುರ್ಚಿ ಖಾಲಿ ಆಯ್ತದೆ. ನಾಳಿಂದ ನೀವು ಕೂತ್ಕಳಿ."